ಕುಮ್ಮಟದುರ್ಗದ ದಳವಾಯಿ ನಮ್ಮ ಮೂಲಪುರುಷನೇ? ಹೆಳವರ ಹೊತ್ತಿಗೆಯ ಹನ್ನೊಂದು ಹೆಸರುಗಳ ಕುರಿತು

ಕನಕಗಿರಿ ಸೀಮೆಯವ

ವೇದಿಕೆಯ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ. ನಮ್ಮೂರು ಕೊಪ್ಪಳ ಜಿಲ್ಲೆಯಲ್ಲಿ, ಗಂಗಾವತಿಯಿಂದ ಕನಕಗಿರಿಗೆ ಹೋಗುವ ದಾರಿಯ ಒಳಮಗ್ಗುಲಿನಲ್ಲಿದೆ. ಊರವರು ನಮ್ಮದನ್ನು ದಳವಾಯರ ಮನೆ ಎಂದು ಕರೆಯುತ್ತಾರೆ. ಆ ಹೆಸರು ಏಕೆ ಬಂತೆಂದು ಚಿಕ್ಕಂದಿನಲ್ಲಿ ಕೇಳಿದಾಗಲೆಲ್ಲ ಅಜ್ಜ "ಹಿಂದಕ ದಂಡಿನ್ಯಾಗ ಇದ್ದರಂತ" ಎಂದಷ್ಟೇ ಹೇಳಿ ಸುಮ್ಮನಾಗುತ್ತಿದ್ದರು.

ಈ ಸಲ ಸುಗ್ಗಿ ಮುಗಿದು ಜೋಳ ಮನೆಗೆ ಬಂದ ಮೇಲೆ ನಮ್ಮ ಮನೆತನದ ಹೆಳವರು, ಅಂದರೆ ಮನೆಮನೆಯ ವಂಶಾವಳಿ ಬರೆದಿಟ್ಟು ಹೇಳುವವರು, ಬಂದಿದ್ದರು. ಅವರ ಅಜ್ಜ ಎತ್ತಿನ ಮೇಲೆ ಕುಳಿತು, ಕಾಲಿಗೆ ಕಂಬಳಿ ಮುಚ್ಚಿಕೊಂಡು, ಗಂಟೆ ಬಾರಿಸುತ್ತ ಬರುತ್ತಿದ್ದುದನ್ನು ನಾನೇ ಕಂಡಿದ್ದೇನೆ. ಈಗಿನವರು ಮೋಟಾರ್‌ಸೈಕಲ್ಲಿನಲ್ಲಿ ಬಂದರು. ಹೊತ್ತಿಗೆ ಮಾತ್ರ ಅದೇ. ಕೆಂಪು ವಸ್ತ್ರದ ಗಂಟು ಬಿಚ್ಚಿ ಪಡಸಾಲೆಯಲ್ಲಿ ಹರವಿದಾಗ ಹಾಳೆಗಳ ಅಂಚು ಬೆರಳಿನ ಎಣ್ಣೆ ಹಿಡಿದು ಕಪ್ಪಾಗಿದ್ದವು, ನಡುವಿನ ನಾಲ್ಕಾರು ಹಾಳೆಗಳನ್ನು ಬೇರೆ ಕಾಗದ ಅಂಟಿಸಿ ಉಳಿಸಿಕೊಂಡಿದ್ದರು. ಹೋದ ವರ್ಷ ಹುಟ್ಟಿದ ನನ್ನ ಮಗನ ಹೆಸರು ಬರೆಸುವುದಿತ್ತು. ಬರೆಯುವ ಮೊದಲು ಅವರು ಮೂಲದಿಂದ ಹೇಳುತ್ತ ಬಂದರು. ನನ್ನ ತಂದೆಯವರೆಗೆ ಹನ್ನೊಂದು ಹೆಸರುಗಳು. ಮೊದಲನೆಯವನು ಕುಮ್ಮಟದುರ್ಗದಲ್ಲಿ ಗಂಡುಗಲಿ ಕುಮಾರರಾಮನ ದಳವಾಯಿಯಾಗಿದ್ದನೆಂದೂ, ಕೋಟೆ ಬಿದ್ದ ರಾತ್ರಿ ಗಾಯಗೊಂಡು ನಮ್ಮೂರ ಹಳ್ಳದ ದಂಡೆಗೆ ಬಂದು ನೆಲೆಸಿದನೆಂದೂ ಹೇಳಿದಾಗ ನಮ್ಮ ತಾಯಿ ಎದ್ದುನಿಂತು ಕೈಮುಗಿದರು. ನನಗೂ ಮೈ ಜುಮ್ಮೆಂದಿತು. ನಮ್ಮ ಹೊಲದ ಬದುವಿನಲ್ಲಿ ನಿಂತರೆ ಕುಮ್ಮಟದ ಕಡೆಯ ಗುಡ್ಡಗಳ ಸಾಲು ಕಾಣುತ್ತದೆ.

ಇದನ್ನು ಕೇವಲ ಕಥೆಯೆಂದು ಬಿಡಲೂ ಮನಸ್ಸಿಲ್ಲ, ಪರೀಕ್ಷಿಸದೆ ಮಗನಿಗೆ ಹೇಳಿಕೊಡಲೂ ಮನಸ್ಸಿಲ್ಲ. ಅಟ್ಟದ ಮೇಲಿನ ಟ್ರಂಕಿನಲ್ಲಿ ಉರ್ದುವಿನಲ್ಲಿ ಬರೆದ ಐದಾರು ಕಾಗದಗಳೂ ಸಿಕ್ಕಿವೆ. ಎಲ್ಲಿಂದ ಆರಂಭಿಸಬೇಕೆಂದು ತಿಳಿದವರು ದಾರಿ ತೋರಿಸಬೇಕು.

ಸಿಂಧನೂರಿನ ನಿವೃತ್ತ ಲೆಕ್ಕಿಗ

ತಮ್ಮಾ, ಮೊದಲು ಆ ಉರ್ದು ಕಾಗದಗಳನ್ನು ಟ್ರಂಕಿನಿಂದ ತೆಗೆದು, ಮಡಿಕೆ ಬಿಚ್ಚಿ, ಎರಡು ಬಿಳಿ ಹಾಳೆಗಳ ನಡುವೆ ಇಟ್ಟು ಫೋಟೋ ತೆಗೆದಿಡಿ. ಮಡಿಕೆಯಲ್ಲಿಯೇ ಅಕ್ಷರ ಸಾಯುತ್ತದೆ. ಅಂಟುಪಟ್ಟಿ ಮಾತ್ರ ಹಚ್ಚಬೇಡಿ.

ನಾನು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕಂದಾಯದ ಕಾಗದಗಳ ನಡುವೆ ಬದುಕಿದವನು. ವಂಶವೃಕ್ಷ ಬರೆಯಹೊರಟವರು ಮಾಡುವ ತಪ್ಪು ಒಂದೇ: ಮೇಲಿನ ತುದಿಯಿಂದ, ಅಂದರೆ ಹೆಸರಾಂತ ವೀರನಿಂದ ಕೆಳಗಿಳಿಯಲು ನೋಡುತ್ತಾರೆ. ತಾವು ಕೆಳಗಿನಿಂದ ಮೇಲಕ್ಕೆ ಹತ್ತಬೇಕು. ಇಂದಿನ ಪಹಣಿಯಿಂದ ಹಿಂದಿನ ಮುಟೇಷನ್ನಿಗೆ, ಅಲ್ಲಿಂದ 1954–55ರ ಖಾಸ್ರಾ ಪಹಣಿಗೆ, ಅಲ್ಲಿಂದ ಹಳೆಯ ಸರ್ವೆಯ ಮೂಲ ದಾಖಲೆಯಾದ ಸೇತ್ವಾರಕ್ಕೆ. ಪೌತಿ ಖಾತೆ ಬದಲಾದಾಗಲೆಲ್ಲ ಸತ್ತವರ ಹೆಸರು, ವಾರಸುದಾರರ ಹೆಸರು, ಅವರ ಸಂಬಂಧ ಬರೆದಿರುತ್ತಾರೆ. ಒಂದೊಂದು ಪೌತಿಯೂ ಏಣಿಯ ಒಂದು ಮೆಟ್ಟಿಲು. ಇನಾಂ ಜಮೀನಿದ್ದ ಮನೆಯಾದರೆ ಮುಂತಖಬ್ ಎಂಬ ಕಾಗದ ಇರಬಹುದು. ಇನಾಮು ಯಾರಿಗೆ, ಯಾವ ಸೇವೆಗೆ ಕೊಟ್ಟದ್ದು, ಈಗ ಯಾರ ಅನುಭೋಗದಲ್ಲಿದೆ ಎಂಬುದು ಅದರಲ್ಲಿರುತ್ತದೆ. ತಮ್ಮ ಟ್ರಂಕಿನಲ್ಲಿ ಇರುವುದು ಅಂಥದೇ ಇರಬಹುದೆಂದು ನನ್ನ ಊಹೆ.

ನಮ್ಮ ರಾಯಚೂರು, ಕೊಪ್ಪಳದ ಸೀಮೆಗಳು 1948ರ ಸೆಪ್ಟೆಂಬರಿನವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದುದರಿಂದ ಹಳೆಯ ಕಾಗದಗಳಲ್ಲಿ ಕಂದಾಯದ ಲೆಕ್ಕಕ್ಕೆ ಬಳಸುತ್ತಿದ್ದ ಫಸಲಿ ವರ್ಷ ಇರುತ್ತದೆ. ಫಸಲಿಗೆ 590 ಕೂಡಿಸಿದರೆ ಇಸವಿ ಸಿಗುತ್ತದೆ, ತಿಂಗಳು ನೋಡಿಕೊಂಡು ಒಂದು ವರ್ಷ ಹೆಚ್ಚಾಗಬಹುದು. ಫಸಲಿ 1320 ಎಂದಿದ್ದರೆ 1910–11. ಇದನ್ನು ಹಿಜರಿ ಎಂದು ತಿಳಿದು ಲೆಕ್ಕ ತಪ್ಪಿದವರನ್ನು ಬಹಳ ಕಂಡಿದ್ದೇನೆ.

ಕೊಪ್ಪಳದ ಶಾಸನಾಸಕ್ತ

ಲೆಕ್ಕಿಗ ಗುರುಗಳು ಹೇಳಿದ ದಾರಿಯೇ ಸರಿಯಾದುದು. ಕುಮ್ಮಟದುರ್ಗದ ತುದಿಯ ಬಗ್ಗೆ ನನಗೆ ತಿಳಿದುದನ್ನು ಬರೆಯುತ್ತೇನೆ.

ಕುಮ್ಮಟದುರ್ಗ ಯಾರ ಕೋಟೆಯಾಗಿತ್ತೋ ಆ ಕಂಪಿಲಿಯ ರಾಜ್ಯ ಕಥೆಯಲ್ಲ, ಇತಿಹಾಸ. ಕುಮಾರರಾಮನ ಅಜ್ಜ ಮುಮ್ಮಡಿ ಸಿಂಗೆಯ ನಾಯಕ, ತಂದೆ ಕಂಪಿಲರಾಯ. ದಿಲ್ಲಿಯ ಮುಹಮ್ಮದ್ ಬಿನ್ ತುಘಲಕನ ಹತ್ತಿರದ ಬಂಧುವಾದ ಬಹಾಉದ್ದೀನ್ ಗುರ್ಷಾಸ್ಪನು ದಂಗೆಯೆದ್ದು ಸೋತು, ಕಂಪಿಲರಾಯನ ಆಶ್ರಯಕ್ಕೆ ಬಂದನು. ಆಶ್ರಯ ಬೇಡಿದವನನ್ನು ಒಪ್ಪಿಸಲು ಕಂಪಿಲರಾಯ ಒಪ್ಪಲಿಲ್ಲ. ದಿಲ್ಲಿಯ ದಂಡು ಬಂತು, 1327ರ ಹೊತ್ತಿಗೆ ರಾಜ್ಯ ಅಳಿಯಿತು. ಹೀಗೆ ತಮ್ಮ ಮೂಲಪುರುಷನ ಕಥೆಗೆ ಒಂದು ಖಚಿತವಾದ ಇಸವಿ ಸಿಗುತ್ತದೆ, ಮತ್ತು ಪರೀಕ್ಷೆ ಅಲ್ಲಿಂದಲೇ ತೊಡಗುತ್ತದೆ.

ತಲೆಮಾರಿಗೆ 25ರಿಂದ 30 ವರ್ಷ ಎಂದು ಹಿಡಿಯೋಣ. ಹನ್ನೊಂದು ತಲೆಮಾರುಗಳೆಂದರೆ 275ರಿಂದ 330 ವರ್ಷ. ಹೊತ್ತಿಗೆಯ ಮೊದಲ ಹೆಸರಿನವನು ಎಷ್ಟು ಹಿಂದೆ ಹೋದರೂ 1700ರ ಆಚೀಚೆ ಬದುಕಿದವನಾಗುತ್ತಾನೆ. ಕುಮ್ಮಟ ಬಿದ್ದು ಆಗಲೇ ಸುಮಾರು 370 ವರ್ಷವಾಗಿತ್ತು. ವಿಜಯನಗರ ಹುಟ್ಟಿ, ಬೆಳೆದು, 1565ರಲ್ಲಿ ಹಾಳಾಗಿ ನೂರಮೂವತ್ತು ವರ್ಷ ಕಳೆದಿತ್ತು. 1327ಕ್ಕೆ ಮುಟ್ಟಲು ಇಪ್ಪತ್ತೈದರಷ್ಟು ಹೆಸರುಗಳು ಬೇಕು. ಹದಿನಾಲ್ಕು ಹೆಸರುಗಳು ಎಲ್ಲಿಯೋ ಬಿದ್ದುಹೋಗಿವೆ, ಇಲ್ಲವೇ ಮೊದಲ ಹೆಸರಿನವನು ಬೇರೆ ಯಾವುದೋ ಕಾಲದ ಬೇರೆ ಯಾರದೋ ದಳವಾಯಿ.

ಹೆಸರು ಬೀಳುವುದು ಸಹಜವೂ ಹೌದು. ನಮ್ಮ ಕಡೆ ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ಪದ್ಧತಿಯಿರುವುದರಿಂದ ಹನುಮಪ್ಪ, ಯಂಕಪ್ಪ ಎಂಬ ಎರಡೇ ಹೆಸರುಗಳು ಒಂದು ಬಿಟ್ಟು ಒಂದರಂತೆ ಹರಿದುಬರುತ್ತವೆ. ಹರಿದ ಹೊತ್ತಿಗೆಯನ್ನು ಹೊಸದಕ್ಕೆ ನಕಲು ಮಾಡುವವನ ಕಣ್ಣು ಒಂದು ಹನುಮಪ್ಪನಿಂದ ಮುಂದಿನ ಹನುಮಪ್ಪನಿಗೆ ಜಾರಿದರೆ ಎರಡು ತಲೆಮಾರು ಒಮ್ಮೆಗೇ ಮಾಯವಾಗುತ್ತದೆ. ತಮ್ಮ ಹನ್ನೊಂದರಲ್ಲಿ ಇಂಥ ಜೋಡಿಗಳು ಎಷ್ಟಿವೆ ಎಂದು ನೋಡಿ.

ಇನ್ನೊಂದು ಮಾತನ್ನು ಬೇಸರಿಸದೆ ಕೇಳಬೇಕು. ಹೆಸರಾಂತ ಮೂಲವನ್ನು ಕಟ್ಟಿಕೊಳ್ಳುವ ರೂಢಿ ಹೆಳವರಿಂದ ಬಂದುದಲ್ಲ, ಅರಸರಿಂದ ಬಂದುದು. ಬಳ್ಳಾರಿಯ ಕುರುಗೋಡಿನಲ್ಲಿ ಆಳಿದ ಸಿಂದರನ್ನು ನೋಡಿ. ಶಾಸನಗಳಲ್ಲಿ ಸಿಂದರು ತಮ್ಮನ್ನು ನಾಗವಂಶದವರೆಂದೂ ಭೋಗಾವತೀಪುರದ ಅಧೀಶ್ವರರೆಂದೂ ಕರೆದುಕೊಂಡರು. ಭೋಗಾವತಿ ಪಾತಾಳದಲ್ಲಿರುವ ನಾಗರ ಪಟ್ಟಣ. ಹಾಗೆಂದು ಶಾಸನ ಸುಳ್ಳೆಂದು ಎಸೆಯಲಾಗದು. ವಂಶವನ್ನು ಹೊಗಳುವ ಸಾಲುಗಳು ಮುಗಿದು "ಇಂಥ ಕೆರೆಯ ಕೆಳಗೆ ಇಷ್ಟು ಮತ್ತರು" ಎಂಬ ಭೂಮಿಯ ಅಳತೆಗೆ ಬಂದೊಡನೆ ಅದೇ ಕಲ್ಲು ಸರ್ಕಾರಿ ಕಾಗದದಷ್ಟು ನಂಬಿಕೆಗೆ ಅರ್ಹವಾಗುತ್ತದೆ. ತಮ್ಮ ಹೆಳವರ ಹೊತ್ತಿಗೆಯನ್ನೂ ನಾನು ಹಾಗೆಯೇ ಓದುತ್ತೇನೆ. ಕೆಳಗಿನ ಏಳೆಂಟು ಹೆಸರುಗಳು ಮತ್ತರಿನ ಲೆಕ್ಕ, ಮೇಲಿನ ಒಂದು ಹೆಸರು ಹೊಗಳಿಕೆಯ ಪ್ರಶಸ್ತಿ.

ರಾಯಚೂರು ಕೋಟೆಬಾಗಿಲು

ಶಾಸನಾಸಕ್ತರ ಮಾತು ನನಗೆ ನೋವು ತಂದಿದೆ, ಆದುದರಿಂದ ಬರೆಯುತ್ತಿದ್ದೇನೆ. ಅರಸರಿಗೆ ಕಲ್ಲು ಇತ್ತು, ಕವಿಗಳಿದ್ದರು. ಉಳುವವರಿಗೂ ಕುರಿ ಕಾಯುವವರಿಗೂ ಇದ್ದದ್ದು ಹೆಳವರ ಬಾಯಿ ಒಂದೇ. ಆ ಬಾಯಿಯನ್ನು ಇಸವಿಯ ತಕ್ಕಡಿಯಲ್ಲಿಟ್ಟು ತೂಗಿ ಹಗುರವೆಂದರೆ ನಮಗೆ ಉಳಿಯುವುದೇನು? ಕುಮಾರರಾಮನ ಬಗ್ಗೆಯೂ ಆತ ಸತ್ತು ಸುಮಾರು ಇನ್ನೂರು ವರ್ಷಗಳಾದ ಮೇಲೆ ಹುಟ್ಟಿದ ಕಾವ್ಯಗಳನ್ನೇ ನಾವು ಹೆಚ್ಚಾಗಿ ನೆಚ್ಚಿದ್ದೇವೆ. ಕವಿ ಬರೆದರೆ ಆಧಾರ, ಹೆಳವ ಹೇಳಿದರೆ ಕಥೆ ಎನ್ನುವುದು ನ್ಯಾಯವಲ್ಲ. ಹತ್ತು ಹಲವು ಸಮುದಾಯಗಳು ಆತನನ್ನು ತಮ್ಮವನೆಂದು ಹಾಡಿಕೊಂಡು ಬಂದಿವೆ. ಆ ನೆನಪಿಗೆ ಬೆಲೆಯಿಲ್ಲವೇ?

ಕೊಪ್ಪಳದ ಶಾಸನಾಸಕ್ತ

ಅಣ್ಣಾವರೇ, ತಮ್ಮ ಮಾತಿನಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಒಪ್ಪುತ್ತೇನೆ, ಕವಿಯನ್ನೂ ಹೆಳವನನ್ನೂ ಒಂದೇ ತಕ್ಕಡಿಯಲ್ಲಿಡಬೇಕೆಂಬುದನ್ನು ಪೂರ್ತಿ ಒಪ್ಪುತ್ತೇನೆ. ಮಲತಾಯಿ ರತ್ನಾಜಿ ಕುಮಾರರಾಮನಿಗೆ ಮೋಹಗೊಂಡಳೆಂಬ ಕಾವ್ಯದ ಪ್ರಸಂಗವನ್ನೂ ನಾನು ಇತಿಹಾಸವೆಂದು ಎಣಿಸುವುದಿಲ್ಲ. ನೆನಪಿಗೆ ಬೆಲೆಯಿದೆ. ಏಳುನೂರು ವರ್ಷಗಳ ಹಿಂದೆ ಬಿದ್ದ ಸಣ್ಣ ಕೋಟೆಯೊಂದರ ಹೆಸರನ್ನು ಒಂದು ಹಳ್ಳಿಯ ಮನೆ ಇನ್ನೂ ಹೇಳುತ್ತಿದೆ ಎಂಬುದೇ ಆ ಬೆಲೆ. ನಾನು ಕೇಳಿದ ಪ್ರಶ್ನೆ ಬೇರೆ. ಈ ತಂದೆಗೆ ಈ ಮಗ, ಆ ಮಗನಿಗೆ ಆ ಮೊಮ್ಮಗ ಎಂಬ ಕೊಂಡಿ ಇದೆಯೇ ಎಂಬುದಕ್ಕೆ ನೆನಪೊಂದೇ ಉತ್ತರ ಕೊಡಲಾರದು.

ಕಂಪಿಲಿಯ ಸಂತತಿಯ ವಿಷಯದಲ್ಲಿ ಒಂದು ಸಮಕಾಲೀನ ಸಾಕ್ಷ್ಯವಿದೆ, ಇಲ್ಲಿ ಅದನ್ನು ಬಲ್ಲವರು ಕಡಿಮೆ. 1334ರ ಹೊತ್ತಿಗೆ ದಿಲ್ಲಿ ಸೇರಿದ ಮೊರಾಕೋದ ಪ್ರವಾಸಿ ಇಬ್ನ್ ಬತೂತ, ಕಂಪಿಲಿಯ ರಾಯನ ಹನ್ನೊಂದು ಗಂಡುಮಕ್ಕಳನ್ನು ಸೆರೆಹಿಡಿದು ಸುಲ್ತಾನನ ಬಳಿಗೆ ಒಯ್ದರೆಂದೂ, ಅವರೆಲ್ಲ ಇಸ್ಲಾಮಿಗೆ ಸೇರಿದರೆಂದೂ, ಸುಲ್ತಾನ ಅವರನ್ನು ಗೌರವದಿಂದ ನಡೆಸಿಕೊಂಡನೆಂದೂ, ಅವರಲ್ಲಿ ಮೂವರನ್ನು ತಾನೇ ಕಂಡೆನೆಂದೂ ಹೇಳುತ್ತಾನೆ. ಆ ಮೂವರ ಹೆಸರುಗಳು ನಸ್ರ್, ಬಖ್ತಿಯಾರ್, ಅಬೂ ಮುಸ್ಲಿಂ. ಅಂದರೆ ಕಂಪಿಲರಾಯನ ರಕ್ತ ಹರಿದದ್ದು ಖಚಿತವಾಗಿ ತಿಳಿದಿರುವ ಒಂದು ದಿಕ್ಕು ದಿಲ್ಲಿ. ಆ ಹುಡುಗರ ಮೊಮ್ಮಕ್ಕಳಿಗೆ ಕುಮ್ಮಟದ ಹೆಸರು ಕೂಡ ಗೊತ್ತಿರದೆ ಹೋಗಿರಬಹುದು. ನಿಜವಾದ ವಂಶಸ್ಥನಿಗೆ ನೆನಪಿಲ್ಲದಿರಬಹುದು, ನೆನಪಿರುವವನು ವಂಶಸ್ಥನಲ್ಲದಿರಬಹುದು. ನಾನು ಹೇಳಬಯಸಿದ್ದು ಇಷ್ಟೇ. ತಮ್ಮ ಮನಸ್ಸಿಗೆ ನೋವಾಗಿದ್ದರೆ ಕ್ಷಮೆಯಿರಲಿ.

ಕಂಪ್ಲಿ ಹೊಳೆದಂಡೆ

ನಾನು ಬಳ್ಳಾರಿ ಜಿಲ್ಲೆಯವನು. ಹೊಳೆಯ ಈ ದಂಡೆಯಲ್ಲಿ ಹುಡುಕುವವರಿಗೆ ಕಾಗದಗಳೇ ಬೇರೆ ಎಂಬುದನ್ನು ನೆನಪಿಸಲು ಬರೆಯುತ್ತಿದ್ದೇನೆ. ನಿಜಾಮರು 1800ರಲ್ಲಿ ಬಳ್ಳಾರಿ ಸೀಮೆಯನ್ನು ಈಸ್ಟ್ ಇಂಡಿಯಾ ಕುಂಪಣಿಗೆ ಬಿಟ್ಟುಕೊಟ್ಟರು. ಥಾಮಸ್ ಮನ್ರೋ ಕಲೆಕ್ಟರಾಗಿ ಬಂದರು. 1953ರ ಅಕ್ಟೋಬರ್ 1ರವರೆಗೆ ನಾವು ಮದರಾಸಿಗೆ ಸೇರಿದ್ದೆವು. ತುಂಗಭದ್ರೆಯ ಆ ಕಡೆ ಉರ್ದು, ಈ ಕಡೆ ಇಂಗ್ಲಿಷು ಮತ್ತು ತೆಲುಗು. ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ ಹೋದುದರಿಂದ ಆ ತಾಲೂಕುಗಳಲ್ಲಿ ಬೇರಿರುವ ಮನೆತನದವರು ಅಲ್ಲಿಯೂ ಹುಡುಕಬೇಕಾಗುತ್ತದೆ. ನಮ್ಮ ತಾಯಿಯ ತವರು ರಾಯದುರ್ಗದ ಕಡೆಯಾದ್ದರಿಂದ ಈ ಅಲೆದಾಟದ ಅನುಭವ ನನಗಿದೆ.

ನಮ್ಮ ಕಡೆಯವರಿಗೆ ಎರಡು ಭಾಗ್ಯಗಳಿವೆ. ಒಂದು, 1858ರಲ್ಲಿ ನೇಮಕವಾದ ಇನಾಂ ಕಮಿಷನ್ನಿನ ರಿಜಿಸ್ಟರು. ಇನಾಮನ್ನು ಮೊದಲು ಯಾರು ಕೊಟ್ಟರು, ಯಾರಿಗೆ ಕೊಟ್ಟರು, ಈಗಿನ ಅನುಭೋಗದಾರ ಯಾರು, ಅವನ ವಯಸ್ಸೆಷ್ಟು ಎಂಬುದಕ್ಕೆಲ್ಲ ಅದರಲ್ಲಿ ಒಂದೊಂದು ಕಾಲಮು. ವಯಸ್ಸು ಬರೆದಿರುವುದೇ ದೊಡ್ಡ ಉಪಕಾರ, ಹುಟ್ಟಿದ ಇಸವಿ ತಾನಾಗಿ ಸಿಗುತ್ತದೆ. ಎರಡನೆಯದು ಕೈಫಿಯತ್ತುಗಳು. ಕರ್ನಲ್ ಕಾಲಿನ್ ಮೆಕೆಂಜಿಯ ಕಡೆಯವರು ಊರೂರು ತಿರುಗಿ ಶಾನುಭೋಗರಿಂದ, ಮನೆತನಗಳವರಿಂದ ಹೇಳಿಸಿ ಬರೆಸಿಕೊಂಡ ಊರ ಚರಿತ್ರೆಗಳು ಅವು. ಕನ್ನಡದ ಕೈಫಿಯತ್ತುಗಳು ಸಂಪಾದನೆಗೊಂಡು ಅಚ್ಚಾಗಿವೆ, ಯಾರು ಬೇಕಾದರೂ ಓದಬಹುದು. ಹರಪನಹಳ್ಳಿ, ಗುಡೇಕೋಟೆ, ಜರಿಮಲೆಗಳಂಥ ಪಾಳೆಯಗಾರ ಮನೆತನಗಳ ವಂಶಾವಳಿಯನ್ನು ತಿಳಿಯಬಯಸುವವರು ಇಂಥ ಬರಹಗಳ ಬಳಿಗೆ ಹೋಗಲೇಬೇಕು.

ಆದರೆ ಕೈಫಿಯತ್ತು ಓದುವಾಗ ಅದನ್ನು ಯಾವ ಕಾಲದಲ್ಲಿ ಹೇಳಿ ಬರೆಸಿದರು ಎಂಬುದನ್ನು ಮರೆಯಬಾರದು. ಹೊಸ ಸರ್ಕಾರ ಬಂದಿತ್ತು. ಯಾರ ಇನಾಮು ಉಳಿಯುತ್ತದೆ, ಯಾರದು ಹೋಗುತ್ತದೆ ಎಂದು ಎಲ್ಲರಿಗೂ ಹೆದರಿಕೆ. ಆಗ "ನಮ್ಮ ಹಿರಿಯರಿಗೆ ಕೃಷ್ಣದೇವರಾಯರೇ ಕೊಟ್ಟದ್ದು" ಎಂದು ಹೇಳುವ ಆಸೆ ಯಾರಿಗೆ ತಾನೆ ಹುಟ್ಟದು?

ಚಿಕ್ಕಂದಿನಲ್ಲಿ ನಮ್ಮ ನೆಂಟರೊಬ್ಬರ ಮನೆಯಲ್ಲಿ ಕಡತವನ್ನು ಮುಟ್ಟಿ ನೋಡಿದ್ದೆ. ಹುಣಸೆ ಬೀಜದ ಸರಿ ಮತ್ತು ಇದ್ದಿಲು ಮೆತ್ತಿದ ಬಟ್ಟೆ, ವಾದ್ಯದ ತಿದಿಯಂತೆ ಮಡಿಕೆ ಮಡಿಕೆ. ಬಳಪದಲ್ಲಿ ಬರೆದ ಅಕ್ಷರಗಳನ್ನು ಅಳಿಸಿ ಮತ್ತೆ ಬರೆಯಬಹುದಿತ್ತು. ಅಳಿಸಬಹುದಾದ ಪುಸ್ತಕದಲ್ಲಿ ವಂಶಾವಳಿ ಬರೆದಿಟ್ಟಿದ್ದರು ಎಂಬುದು ನನ್ನನ್ನು ಇಂದಿಗೂ ಕಾಡುತ್ತದೆ.

ಮುದಗಲ್ಲಿನ ಮಗಳು

ಇಷ್ಟು ಹೊತ್ತು ಓದುತ್ತ ಬಂದೆ. ಹನ್ನೊಂದು ಹೆಸರುಗಳಲ್ಲಿ ಒಂದಾದರೂ ಹೆಣ್ಣಿನ ಹೆಸರು ಇದೆಯೇ, ಸಹೋದರರೇ?

ನಮ್ಮ ಮನೆಗೂ ಹೆಳವರು ಬರುತ್ತಾರೆ. ನಮ್ಮ ತಂದೆಗೆ ನಾವು ನಾಲ್ವರು ಹೆಣ್ಣುಮಕ್ಕಳು, ಗಂಡುಮಕ್ಕಳಿಲ್ಲ. ಕೊನೆಯ ಸಲ ಬಂದಾಗ ಅವರು ತಂದೆಯ ಹೆಸರಿನ ಮುಂದೆ ಗೆರೆ ಎಳೆದು ನಿಲ್ಲಿಸಿದರು. ಅವರಿಗೆ ಕೆಟ್ಟ ಮನಸ್ಸಿರಲಿಲ್ಲ, ಅವರ ಕಟ್ಟಳೆಯೇ ಹಾಗೆ. ಒಂದು ಸೇರು ಜೋಳ ಹೆಚ್ಚಿಗೆ ಹಾಕಿದರೂ ಗೆರೆ ಗೆರೆಯೇ. ನಾಲ್ಕು ಜನ ಬದುಕಿರುವ ಮನೆ ಹೊತ್ತಿಗೆಯಲ್ಲಿ ಮುಗಿದುಹೋಯಿತು.

ಅಂದಿನಿಂದ ನಾನು ತಾಯಿಯ ತಾಯಿಯ ದಾರಿ ಹಿಡಿದು ಹುಡುಕುತ್ತಿದ್ದೇನೆ. ಪಹಣಿಯಲ್ಲಿ ಅವರಿಲ್ಲ, ಹೊತ್ತಿಗೆಯಲ್ಲಿ ಅವರಿಲ್ಲ. ನನಗೆ ದಾರಿ ತೋರಿಸಿದ್ದು ಮನೆದೇವರು. ನಮ್ಮ ಅಜ್ಜಿ ಕೊಟ್ಟ ಮನೆಯ ದೇವರಿಗೆ ನಡೆದುಕೊಳ್ಳುತ್ತಿದ್ದರೂ, ಹೆಣ್ಣುಮಕ್ಕಳಿಗೆ ಉಡಿ ತುಂಬುವಾಗ ಮಾತ್ರ ಮೊದಲ ಹಿಡಿ ಅಕ್ಕಿಯನ್ನು ಬದಿಗೆ ತೆಗೆದಿಟ್ಟು ಬೇರೊಂದು ದೇವಿಯ ಹೆಸರು ಹೇಳುತ್ತಿದ್ದರು. ಆ ದೇವಿಯ ಗುಡಿ ಕೃಷ್ಣೆಯ ದಂಡೆಯ ಒಂದು ಹಳ್ಳಿಯಲ್ಲಿದೆ ಎಂದು ಹುಡುಕಿಕೊಂಡು ಹೋದೆ. ಗುಡಿಯ ಎದುರಿಗೇ ಇದ್ದ ಮನೆಯ ವೃದ್ಧೆಯೊಬ್ಬರು ನನ್ನ ಅಜ್ಜಿಯ ತಾಯಿಯ ಹೆಸರನ್ನು ಹೇಳಿ, ಆಕೆ ತವರಿಗೆ ಬಂದಾಗ ಕುಳಿತುಕೊಳ್ಳುತ್ತಿದ್ದ ಕಟ್ಟೆಯನ್ನು ತೋರಿಸಿದರು. ನಾಲ್ಕು ತಲೆಮಾರಿನ ಹೆಣ್ಣುಮಕ್ಕಳ ಹೆಸರುಗಳು ಈಗ ನನ್ನ ಬಳಿ ಇವೆ. ಅದಕ್ಕಿಂತ ಹಿಂದಕ್ಕೆ ಹೋಗಲು ಆಗಿಲ್ಲ.

ಮಧ್ಯಯುಗದ ಹೆಸರಾಂತ ಪೂರ್ವಜರ ಮಾತು ಬಂದುದರಿಂದ ಇದನ್ನೂ ಬರೆಯುತ್ತೇನೆ. 1406ರ ಸುಮಾರಿನಲ್ಲಿ ನಮ್ಮ ಮುದಗಲ್ಲಿನ ಅಕ್ಕಸಾಲಿಗನ ಮಗಳು ಪರ್ತಾಲ್ ಎಂಬವಳ ನಿಮಿತ್ತವಾಗಿ ವಿಜಯನಗರದ ದೇವರಾಯನಿಗೂ ಬಹಮನಿ ಸುಲ್ತಾನ ಫಿರೋಜ್ ಶಹಾನಿಗೂ ಯುದ್ಧವಾಯಿತೆಂದೂ, ಕೊನೆಗೆ ಆಕೆಯನ್ನು ಫಿರೋಜನ ಮಗ ಹಸನ್ ಖಾನನಿಗೆ ಕೊಟ್ಟು ಮದುವೆಯಾಯಿತೆಂದೂ ಇತಿಹಾಸಕಾರ ಫೆರಿಷ್ತಾ ಬರೆದಿದ್ದಾನೆ. ಎರಡು ರಾಜ್ಯಗಳ ಚರಿತ್ರೆಯಲ್ಲಿ ಹೆಸರು ಉಳಿಸಿಕೊಂಡ ಹೆಣ್ಣು. ಕೃಷ್ಣದೇವರಾಯನ ದಳವಾಯಿಯ ವಂಶದವರೆನ್ನುವವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಪರ್ತಾಲಳ ಮನೆಯವರೆಂದು ಹೇಳಿದವರನ್ನು ಈವರೆಗೆ ಒಬ್ಬರನ್ನೂ ಕಂಡಿಲ್ಲ.

ಬಳ್ಳಾರಿಯ ವಿದ್ಯಾರ್ಥಿ

ಎಂಜಲು ಕಳುಹಿಸಿ ಡಿಎನ್ಎ ಪರೀಕ್ಷೆ ಮಾಡಿಸಿದರೆ ಇದೆಲ್ಲ ಒಂದೇ ಸಲಕ್ಕೆ ತೀರ್ಮಾನವಾಗುವುದಿಲ್ಲವೇ? ತಿಳಿದವರು ಹೇಳಬೇಕು.

ಸಿರುಗುಪ್ಪದ ಗಣಿತ ಶಿಕ್ಷಕ

ತೀರ್ಮಾನವಾಗುವುದಿಲ್ಲ, ತಮ್ಮಾ. ತಂದೆಯಿಂದ ಮಗನಿಗೆ ಮಾತ್ರ ಹೋಗುವ ವೈ ಕ್ರೋಮೋಸೋಮನ್ನು ಪರೀಕ್ಷಿಸಿ ಇಬ್ಬರು ಗಂಡಸರು ಒಂದೇ ಗಂಡುವಂಶದವರು ಹೌದೋ ಅಲ್ಲವೋ ಎಂದು ಹೋಲಿಸಬಹುದು. ಆದರೆ ಯಾರೊಡನೆ ಹೋಲಿಸುವುದು? ಕುಮ್ಮಟದ ದಳವಾಯಿಯ ಎಲುಬೂ ಇಲ್ಲ, ಕಾಗದದ ಆಧಾರವಿರುವ ಅವನ ಸಂತತಿಯೂ ಇಲ್ಲ. ಇನ್ನು ತಂದೆತಾಯಿಗಳಿಬ್ಬರಿಂದಲೂ ಬರುವ ಡಿಎನ್ಎ ಪ್ರತಿ ತಲೆಮಾರಿನಲ್ಲಿ ಅರ್ಧರ್ಧ ಹರಿದು ಹಂಚಿಹೋಗುತ್ತದೆ. ಹತ್ತು ಹನ್ನೆರಡು ತಲೆಮಾರು ಹಿಂದಕ್ಕೆ ಹೋದರೆ, ನಮ್ಮ ನಿಜವಾದ ಪೂರ್ವಜರಲ್ಲಿಯೇ ಅನೇಕರಿಂದ ನಮ್ಮ ಮೈಯಲ್ಲಿ ಒಂದು ತುಣುಕೂ ಉಳಿದಿರುವುದಿಲ್ಲ.

ನನ್ನನ್ನು ಹೆಚ್ಚು ಸೆಳೆದದ್ದು ಶಾಸನಾಸಕ್ತರು ಹೇಳಿದ ಇಪ್ಪತ್ತೈದು ತಲೆಮಾರಿನ ಲೆಕ್ಕ. ಇಬ್ಬರು ತಂದೆತಾಯಿ, ನಾಲ್ವರು ಅಜ್ಜಅಜ್ಜಿಯರು, ಎಂಟು ಮುತ್ತಜ್ಜಮುತ್ತಜ್ಜಿಯರು. ಹೀಗೆ ಇಮ್ಮಡಿಯಾಗುತ್ತ ಹತ್ತನೆಯ ತಲೆಮಾರಿಗೆ 1,024, ಇಪ್ಪತ್ತಕ್ಕೆ 10,48,576, ಇಪ್ಪತ್ತೈದಕ್ಕೆ 3,35,54,432. ಕಂಪಿಲಿಯ ಕಾಲಕ್ಕೆ ನಮ್ಮಲ್ಲಿ ಒಬ್ಬೊಬ್ಬರಿಗೂ ಮೂರು ಕೋಟಿಗೂ ಮಿಕ್ಕಿ ಪೂರ್ವಜರ ಸ್ಥಾನಗಳು. ಅಷ್ಟು ಬೇರೆ ಬೇರೆ ಜನ ಇರಲು ಸಾಧ್ಯವಿಲ್ಲ, ಒಬ್ಬರೇ ಹಲವು ಸ್ಥಾನಗಳಲ್ಲಿ ಮತ್ತೆ ಮತ್ತೆ ಬರುತ್ತಾರೆ. ನಮ್ಮ ಸೀಮೆಯಲ್ಲಿ ಇದು ಇನ್ನೂ ಹೆಚ್ಚು, ಏಕೆಂದರೆ ನಾವು ಸೋದರತ್ತೆಯ ಮಗನಿಗೆ, ಸೋದರಮಾವನಿಗೆ ಹೆಣ್ಣು ಕೊಡುತ್ತ ಬಂದವರು. ನನ್ನ ತಂದೆತಾಯಿ ಅತ್ತೆಮಗ, ಮಾವನ ಮಗಳು. ಎಲ್ಲರಿಗೂ ಎಂಟು ಜನ ಮುತ್ತಜ್ಜಮುತ್ತಜ್ಜಿಯರಿದ್ದರೆ ನನಗೆ ಆರೇ ಜನ. ಇದನ್ನು ತರಗತಿಯಲ್ಲಿ ಹಲಗೆಯ ಮೇಲೆ ಬರೆದು ತೋರಿಸಿದ ದಿನ ಮಕ್ಕಳು ಮನೆಗೆ ಹೋಗಿ ತಮ್ಮ ತಮ್ಮ ಲೆಕ್ಕ ಬರೆದುಕೊಂಡು ಬಂದರು, ಐದು ಜನರಿಗೆ ಆರೇ ಬಂದಿತ್ತು.

ಜೋಸೆಫ್ ಚಾಂಗ್ ಎಂಬ ಸಂಖ್ಯಾಶಾಸ್ತ್ರಜ್ಞರು 1999ರಲ್ಲಿ ಈ ಗಣಿತವನ್ನು ಕೊನೆಮುಟ್ಟಿಸಿದರು. ಎಲ್ಲರೂ ಎಲ್ಲರೊಡನೆ ಬೆರೆಯುವ ಸಮಾಜವಾದರೆ, ಸಾಕಷ್ಟು ಹಿಂದಕ್ಕೆ ಹೋದಾಗ ಅಂದಿನ ಒಬ್ಬ ವ್ಯಕ್ತಿ ಇಂದಿನವರೆಲ್ಲರಿಗೂ ಪೂರ್ವಜನಾಗಿರುತ್ತಾನೆ, ಇಲ್ಲವೇ ಯಾರಿಗೂ ಆಗಿರುವುದಿಲ್ಲ. ಯುರೋಪಿನವರು ತಾವೆಲ್ಲ 814ರಲ್ಲಿ ಸತ್ತ ಶಾರ್ಲ್‌ಮೇನ್ ಚಕ್ರವರ್ತಿಯ ಸಂತತಿ ಎನ್ನುವುದು ಈ ಲೆಕ್ಕದ ಮೇಲೆಯೇ. ನಮ್ಮಲ್ಲಿ ಅದನ್ನು ಹಾಗೆಯೇ ಅನ್ವಯಿಸುವಂತಿಲ್ಲ. ಸುಮಾರು 1,900 ವರ್ಷಗಳ ಹಿಂದಿನವರೆಗೆ ಈ ದೇಶದ ಜನ ಬೆರೆಯುತ್ತಿದ್ದು, ಅನಂತರ ತಂತಮ್ಮ ಗುಂಪಿನೊಳಗೇ ಮದುವೆಯಾಗುವ ಕಟ್ಟು ಬಿಗಿಯಾಯಿತೆಂದು 2013ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನವೊಂದು ತೋರಿಸಿತು. ಆದುದರಿಂದ ಇಲ್ಲಿ ಎಲ್ಲರೂ ಎಲ್ಲರ ಸಂತತಿ ಅಲ್ಲ. ಆದರೆ ಒಂದು ಸಮುದಾಯದೊಳಗೆ, ಒಂದೇ ಸೀಮೆಯೊಳಗೆ, 1327ರಲ್ಲಿದ್ದು ಸಂತತಿ ಉಳಿಸಿಹೋದವನು ಇಂದಿನ ಬಹುಮಂದಿಗೆ ಯಾವುದೋ ಒಂದು ದಾರಿಯಿಂದ ಪೂರ್ವಜನಾಗಿರುವ ಸಂಭವ ತುಂಬ ದೊಡ್ಡದು. ಕನಕಗಿರಿ ಸೀಮೆಯವರೇ, ಆ ದಳವಾಯಿ ನಿಜವಾಗಿ ಇದ್ದು, ತಮ್ಮ ಜನರವನೇ ಆಗಿದ್ದರೆ, ಆತ ತಮ್ಮ ಪೂರ್ವಜನೂ ಆಗಿರಬಹುದು. ಆದರೆ ಹೊತ್ತಿಗೆಯಲ್ಲಿರುವ ಒಂದೇ ಗಂಡುಗೆರೆಯಲ್ಲಿ ಅಲ್ಲ. ನಡುವೆ ಎಲ್ಲೋ ಹತ್ತಾರು ಹೆಣ್ಣುಮಕ್ಕಳ ಮೂಲಕ, ಮತ್ತು ತಮ್ಮ ಪಕ್ಕದ ಮನೆಯವರಿಗೂ ಅಷ್ಟೇ ಪಾಲು ಇರುವಂತೆ.

ರಾಯಚೂರು ಕೋಟೆಯ ಗೋಡೆಯಲ್ಲಿ 41 ಅಡಿ ಉದ್ದದ ಒಂದು ಕಲ್ಲಿದೆ. 1294ರಲ್ಲಿ ಕೋಟೆ ಕಟ್ಟಿಸಿದವರ ಹೆಸರನ್ನು ಕೆತ್ತಿದ್ದಾರೆ, ಕೋಣಗಳನ್ನು ಹೂಡಿದ ಬಂಡಿಯ ಮೇಲೆ ಆ ಕಲ್ಲನ್ನು ಎಳೆತರುವ ಚಿತ್ರವನ್ನೂ ಬಿಡಿಸಿದ್ದಾರೆ. ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ದಾಗ ನಾನು ಆ ಚಿತ್ರದ ಮುಂದೆಯೇ ಹೆಚ್ಚು ಹೊತ್ತು ನಿಲ್ಲಿಸುತ್ತೇನೆ. ಮೂರು ಕೋಟಿ ಸ್ಥಾನಗಳಲ್ಲಿ ಕೋಟೆ ಕಟ್ಟಿಸಿದವರಿಗಿಂತ ಬಂಡಿ ಹೊಡೆದವರೇ ಹೆಚ್ಚಾಗಿ ಕುಳಿತಿರುತ್ತಾರೆ.

ಕನಕಗಿರಿ ಸೀಮೆಯವ

ಎಲ್ಲರಿಗೂ ಋಣಿಯಾಗಿದ್ದೇನೆ. ಒಂದೂವರೆ ತಿಂಗಳು ಏನೂ ಬರೆಯದಿದ್ದುದಕ್ಕೆ ಕ್ಷಮಿಸಬೇಕು, ಹುಡುಕಾಟದಲ್ಲಿದ್ದೆ.

ಉರ್ದು ಕಾಗದಗಳನ್ನು ಗಂಗಾವತಿಯ ನಿವೃತ್ತ ಶಿಕ್ಷಕರೊಬ್ಬರು ಓದಿಕೊಟ್ಟರು. ಭೂತಗನ್ನಡಿ ಹಿಡಿದು ಎರಡು ಮಧ್ಯಾಹ್ನ ಕುಳಿತರು, ಚಹಾದ ಹೊರತು ಏನನ್ನೂ ತೆಗೆದುಕೊಳ್ಳಲಿಲ್ಲ. ಲೆಕ್ಕಿಗ ಗುರುಗಳ ಊಹೆ ಅರ್ಧ ನಿಜವಾಯಿತು: ಮುಂತಖಬ್ ಸಿಗಲಿಲ್ಲ, ಆದರೆ ಇನಾಮಿನ ಮಾತು ಸಿಕ್ಕಿತು. ಫಸಲಿ 1308ರ ಒಂದು ಕಾಗದದಲ್ಲಿ, ಅಂದರೆ 1898–99ರಲ್ಲಿ, ನನ್ನ ಅಜ್ಜನ ಅಜ್ಜನ ಹೆಸರಿದೆ. ಆತ ಊರಿನ ಸೇತ್‌ಸಿಂಧಿ. ಕಾವಲು ಕಾಯುವ, ಸರ್ಕಾರಿ ಹಣವನ್ನು ಜೊತೆಗಿದ್ದು ಒಯ್ದುಕೊಡುವ ಚಾಕರಿಗಾಗಿ ಇನಾಂ ಹೊಲ ಉಣ್ಣುತ್ತಿದ್ದವನು. ಆ ಹೊಲವೇ ಈಗಲೂ ನಾವು ಉಳುತ್ತಿರುವ ಹಳ್ಳದ ಹೊಲ. ಹೊತ್ತಿಗೆಯ ಕೊನೆಯ ಐದು ಹೆಸರುಗಳು ಕಾಗದದೊಡನೆ ಅಕ್ಷರಕ್ಕೆ ಅಕ್ಷರ ಕೂಡಿದವು. ಅದನ್ನು ಕಂಡಾಗ ಹೆಳವರ ಮೇಲೆ ನನಗೆ ಹುಟ್ಟಿದ ಗೌರವವನ್ನು ಕೋಟೆಬಾಗಿಲಿನ ಅಣ್ಣಾವರಿಗೆ ವಿಶೇಷವಾಗಿ ತಿಳಿಸಬಯಸುತ್ತೇನೆ.

ಆರನೆಯದರಿಂದ ಮೇಲಿನ ಹೆಸರುಗಳಿಗೆ ಕಾಗದವಿಲ್ಲ. ಹನ್ನೊಂದರಲ್ಲಿ ಒಂದೇ ಜೋಡಿ ಮೂರು ಸಲ ಬರುತ್ತದೆ, ಶಾಸನಾಸಕ್ತರು ಹೇಳಿದ್ದಂತೆ. ಹೆಳವರಿಗೆ ಫೋನು ಮಾಡಿ ಕೇಳಿದಾಗ, ಅಂಟಿಸಿದ ಹಾಳೆಗಳು ತಮ್ಮ ಮುತ್ತಜ್ಜನ ಕಾಲದಲ್ಲಿ ಮಳೆಗೆ ನೆಂದು ಕೆಟ್ಟವೆಂದೂ, ನೆನಪಿನಿಂದ ಮತ್ತೆ ಬರೆದವೆಂದೂ ಮುಚ್ಚುಮರೆಯಿಲ್ಲದೆ ಹೇಳಿದರು. ಕುಮ್ಮಟದ ಹೆಸರು ಇರುವುದು ಆ ಹಾಳೆಗಳಲ್ಲಿಯೇ.

ತಾಯಿಗೆ ಇದನ್ನು ಹೇಗೆ ಹೇಳಲಿ ಎಂದು ನಾಲ್ಕು ದಿನ ತಡೆದೆ. ಹೇಳಿದ ಮೇಲೆ ಅವರು ಕೇಳಿದ್ದು ಒಂದೇ ಮಾತು: ಆ ಸೇತ್‌ಸಿಂಧಿಯ ಹೆಂಡತಿಯ ಹೆಸರು ಕಾಗದದಲ್ಲಿ ಇದೆಯೇ? ಇರಲಿಲ್ಲ. ಆಗ ಅವರೇ ಹೇಳಿದರು. ತಮ್ಮ ಅತ್ತೆ ಹಬ್ಬದಲ್ಲಿ ಹಿರಿಯರಿಗೆ ಎಡೆ ಹಾಕುವಾಗ ಹೇಳುತ್ತಿದ್ದ ಹೆಸರುಗಳಲ್ಲಿ ಆಕೆಯದೂ ಇತ್ತಂತೆ. ಆಕೆ ಹೊಳೆಯಾಚೆ ಕಂಪ್ಲಿಯ ಕಡೆಯಿಂದ ಹರಿಗೋಲಿನಲ್ಲಿ ಬಂದ ಸೊಸೆಯಂತೆ. ಇದುವರೆಗೆ ನಾನಾಗಲಿ ನನ್ನ ತಂದೆಯಾಗಲಿ ಆ ಹೆಸರನ್ನು ಕೇಳಿರಲೇ ಇಲ್ಲ.

ಕಂಪ್ಲಿ ಹೊಳೆದಂಡೆ

ಆಕೆಯ ತವರು ಈ ದಂಡೆಯದಾದರೆ ಇನಾಂ ರಿಜಿಸ್ಟರಿನಲ್ಲಿ ಆಕೆಯ ತಂದೆ ಅಥವಾ ಅಜ್ಜ ಸಿಗಬಹುದು. ಮನೆತನದ ಅಡ್ಡಹೆಸರನ್ನೂ ಅವರ ಮನೆದೇವರನ್ನೂ ತಾಯಿಯವರಿಂದ ಕೇಳಿ ಖಾಸಗಿ ಸಂದೇಶದಲ್ಲಿ ಕಳುಹಿಸಿ. ಮುಂದಿನ ವಾರ ಜಿಲ್ಲಾ ಕೇಂದ್ರಕ್ಕೆ ಹೋಗುವುದಿದೆ, ನೋಡಿಕೊಂಡು ಬರುತ್ತೇನೆ.

ಮುದಗಲ್ಲಿನ ಮಗಳು

ತಾಯಿಯವರಿಗೆ ನನ್ನ ನಮಸ್ಕಾರ ತಿಳಿಸಿ, ತಮ್ಮಾ. ಎಡೆ ಹಾಕುವಾಗ ಹೇಳುತ್ತಿದ್ದ ಹೆಸರುಗಳು ಇನ್ನೂ ಎಷ್ಟು ನೆನಪಿವೆಯೋ ಅಷ್ಟನ್ನೂ ಅವರ ದನಿಯಲ್ಲಿಯೇ ಫೋನಿನಲ್ಲಿ ಮುದ್ರಿಸಿಕೊಳ್ಳಿ. ಒಂದೇ ಸಲಕ್ಕೆ ಎಲ್ಲವೂ ಬರುವುದಿಲ್ಲ, ಹಬ್ಬದ ದಿನ ಎಡೆಯ ಮುಂದೆ ಕುಳಿತಾಗ ಕೇಳಿದರೆ ತಾವಾಗಿಯೇ ಬರುತ್ತವೆ. ಹೆಳವರು ಮುಂದಿನ ಸಲ ಬಂದಾಗ ಆಕೆಯ ಹೆಸರನ್ನು ಹೊತ್ತಿಗೆಯಲ್ಲಿ ಬರೆಯಲು ಒಪ್ಪುತ್ತಾರೆಯೇ ಕೇಳಿ ನೋಡಿ. ಒಪ್ಪಿದರೆ ನನಗೆ ತಿಳಿಸಬೇಕು, ನಮ್ಮ ಮನೆಯ ಹೆಳವರಿಗೂ ಅದನ್ನು ಹೇಳುವುದಿದೆ.